ಪಕ್ಕದ ಮನೆ ಆಕ್ಟೇವಿಯಾ ಮತ್ತು ನಾಲ್ಕನೇ ಘಾತ

ನಮ್ಮ ಬೀದಿಯ ಹಂಪನ್ನು ಎಲ್ಲರೂ ನೇರವಾಗಿ ದಾಟುತ್ತಾರೆ, ಪಕ್ಕದ ಮನೆ ಹುಡುಗ ಮಾತ್ರ ಓರೆಯಾಗಿ ದಾಟುತ್ತಾನೆ. ಮೊದಲು ಮುಂದಿನ ಎಡ ಚಕ್ರ, ಆಮೇಲೆ ಮುಂದಿನ ಬಲ ಚಕ್ರ, ಆಮೇಲೆ ಹಿಂದಿನವು ಒಂದೊಂದಾಗಿ. ಅಷ್ಟು ಹೊತ್ತೂ ಹಿಂದೆ ನಿಂತ ಆಟೋದವರು ಹಾರ್ನ್ ಒತ್ತುತ್ತಲೇ ಇರುತ್ತಾರೆ. ಕಾರು 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಸೆಕೆಂಡ್ ಹ್ಯಾಂಡ್. ಹೊರಗಿನಿಂದ ನೋಡಿದರೆ ಮನೆಮಂದಿಯನ್ನೆಲ್ಲ ಧರ್ಮಸ್ಥಳಕ್ಕೆ ಕರೆದೊಯ್ಯುವ ಸಾಧು ಸೆಡಾನ್. ಡಿಕ್ಕಿಯಲ್ಲಿ ಅರ್ಧ ಮದುವೆಯ ಸಾಮಾನು ಹಿಡಿಸುತ್ತದೆ. ಬಾನೆಟ್ಟಿನ ಕೆಳಗೆ ಮಾತ್ರ 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 230 ಕುದುರೆ, ಅಷ್ಟೂ ಮುಂದಿನ ಎರಡೇ ಚಕ್ರಗಳಿಗೆ. ಕಾರು ಹುಟ್ಟಿನಿಂದಲೇ ತಗ್ಗು. ಇವನು ಕೊಂಡ ಮೇಲೆ ಗಿಡ್ಡ ಸ್ಪ್ರಿಂಗ್ ಹಾಕಿಸಿ ಇನ್ನಷ್ಟು ನೆಲಕ್ಕಿಳಿಸಿದ. ಅಂದಿನಿಂದ ಹಂಪು ದಾಟುವುದು ಒಂದು ಸಮಾರಂಭ.

ನಮ್ಮ ಎರಡು ಮನೆಗಳ ನಡುವೆ ಎದೆಯೆತ್ತರದ ಕಾಂಪೌಂಡ್ ಗೋಡೆಯಿದೆ. ಆ ಕಡೆ ಅವನು ಕಾರು ತೊಳೆಯುತ್ತಾನೆ, ಈ ಕಡೆ ನಾನು ದಾಸವಾಳಕ್ಕೆ ಹತ್ತಿದ ಹಿಟ್ಟು ತಿಗಣೆಯ ಜೊತೆ ಯುದ್ಧ ಮಾಡುತ್ತಿರುತ್ತೇನೆ. ಬನಶಂಕರಿಯಲ್ಲಿ ಭಾನುವಾರ ಬೆಳಿಗ್ಗೆ ಇದಕ್ಕಿಂತ ದೊಡ್ಡ ಘಟನೆ ನಡೆಯುವುದಿಲ್ಲ.

"ಆಂಟಿ, 22 ಹಾಕಿಸಲಾ, 24 ಹಾಕಿಸಲಾ?" ಅಂದ ಒಂದು ದಿನ, ಪೈಪು ಕೈಯಲ್ಲಿ ಹಿಡಿದುಕೊಂಡೇ.

"ಏನದು, ಕಿಟಕಿ ಸರಳಾ?"

"ಅಯ್ಯೋ, ಹಿಂದಿನ ಸ್ವೇ ಬಾರ್ ಆಂಟಿ. ಕಾರು ತಿರುವಲ್ಲಿ ವಾಲದಂಗೆ ಹಿಡಿಯತ್ತಲ್ಲ, ಅದು. ನೀವು ಫಿಸಿಕ್ಸ್ ಪಾಠ ಮಾಡ್ತಿದ್ರಂತೆ, ಅಮ್ಮ ಹೇಳಿದ್ರು. ಎರಡೇ ಮಿಲಿಮೀಟ್ರು ವ್ಯತ್ಯಾಸ, ರೇಟು ಹೆಚ್ಚುಕಮ್ಮಿ ಒಂದೇ. ದಪ್ಪಗಿರೋದನ್ನೇ ಹಾಕಿಸಿಬಿಡೋಣ ಅಂತ."

ಎರಡೇ ಮಿಲಿಮೀಟರು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನ್ನೊಳಗಿನ ಮೇಷ್ಟ್ರು ಎದ್ದು ಕೂತಳು. ಬಿಎಸ್ಸಿಯಲ್ಲಿ ಫಿಸಿಕ್ಸ್ ಓದಿದವರಿಗೆಲ್ಲ ತಿರುಚು ಲೋಲಕದ ಪ್ರಯೋಗ ನೆನಪಿರಬೇಕು. ಗೋಡೆಯ ಸ್ಟ್ಯಾಂಡಿನಿಂದ ಒಂದು ತಂತಿ, ಅದರ ತುದಿಗೆ ಭಾರದ ತಟ್ಟೆ, ತಟ್ಟೆಯನ್ನು ತುಸು ತಿರುಗಿಸಿ ಬಿಟ್ಟರೆ ಅತ್ತ ಇತ್ತ ತಿರುಗಾಡುತ್ತದೆ. ಸ್ಟಾಪ್‌ವಾಚಿನಲ್ಲಿ ಕಾಲ ಅಳೆದು ತಂತಿಯ ಲೋಹದ ಗುಣವನ್ನು ಲೆಕ್ಕ ಹಾಕಬೇಕು. ಆ ಸೂತ್ರದಲ್ಲಿ ತಂತಿಯ ತ್ರಿಜ್ಯ ನಾಲ್ಕನೇ ಘಾತದಲ್ಲಿ ಬರುತ್ತದೆ. ಅಂದರೆ ತ್ರಿಜ್ಯವನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿದಷ್ಟು. ಸ್ಕ್ರೂ ಗೇಜಿನಲ್ಲಿ ನೂರಕ್ಕೆ ಒಂದರಷ್ಟು ತಪ್ಪಿದರೆ ಉತ್ತರದಲ್ಲಿ ನೂರಕ್ಕೆ ನಾಲ್ಕರಷ್ಟು ತಪ್ಪುತ್ತದೆ. ವರ್ಷ ವರ್ಷವೂ ಹುಡುಗರು ಗಡಿಯಾರವನ್ನು ಕಣ್ಣು ಕೀಲಿಸಿಕೊಂಡು ನೋಡುತ್ತಿದ್ದರು, ತಂತಿಯ ದಪ್ಪವನ್ನು ಮಾತ್ರ ಒಂದೇ ಕಡೆ ಅಳೆದು ಕೈತೊಳೆದುಕೊಳ್ಳುತ್ತಿದ್ದರು. ಆಮೇಲೆ ಉಕ್ಕಿನ ತಂತಿಗೆ ಹಿತ್ತಾಳೆಯ ಉತ್ತರ ಬರುತ್ತಿತ್ತು.

ಸ್ವೇ ಬಾರೂ ಅದೇ ತಂತಿ, ದಪ್ಪಗಿದೆ, ಅಷ್ಟೇ. ಕಾರಿನ ಅಗಲಕ್ಕೆ ಅಡ್ಡಲಾಗಿ ಮಲಗಿದ ಉಕ್ಕಿನ ಸರಳು. ಎರಡು ತುದಿಗಳು ತೋಳಿನಂತೆ ಬಾಗಿ, ಒಂದೊಂದು ಸಣ್ಣ ಕೊಂಡಿಯ ಮೂಲಕ ಎಡ ಚಕ್ರದ ಸಸ್ಪೆನ್ಷನ್ನಿಗೊಂದು, ಬಲ ಚಕ್ರದ್ದಕ್ಕೊಂದು ಸೇರುತ್ತವೆ. ಆ ಕೊಂಡಿಗೆ ಎಂಡ್ ಲಿಂಕ್ ಅನ್ನುತ್ತಾರೆ, ನಮ್ಮ ಗ್ಯಾರೇಜುಗಳಲ್ಲಿ ಲಿಂಕ್ ರಾಡು. ಒದ್ದೆ ಬೆಡ್‌ಶೀಟನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡುವುದನ್ನು ನೋಡಿದ್ದೀರಲ್ಲ? ಇಬ್ಬರೂ ಒಂದೇ ದಿಕ್ಕಿಗೆ ತಿರುಗಿಸಿದರೆ ಬಟ್ಟೆ ಸುಮ್ಮನೆ ಉರುಳುತ್ತದೆ, ಒಬ್ಬರು ಆ ಕಡೆ ಒಬ್ಬರು ಈ ಕಡೆ ತಿರುಗಿಸಿದಾಗ ಮಾತ್ರ ಬಿಗಿಯಾಗಿ ಎದುರು ನಿಲ್ಲುತ್ತದೆ. ಎರಡು ಚಕ್ರವೂ ಒಟ್ಟಿಗೆ ಮೇಲೆದ್ದರೆ ಬಾರ್ ತನ್ನ ಬುಷ್ಷಿನೊಳಗೆ ಉರುಳಿ ಸುಮ್ಮನಾಗುತ್ತದೆ. ಒಂದು ಏರಿ ಇನ್ನೊಂದು ಇಳಿದರೆ ತಿರುಚಿಕೊಂಡು ಎದುರು ಒತ್ತುತ್ತದೆ. ತಿರುವಿನಲ್ಲಿ ಕಾರು ವಾಲಿದಾಗ ಆಗುವುದೂ ಇದೇ.

ಈ ಸರಳಿಗೆ ನೂರು ದಾಟಿದ ವಯಸ್ಸು. ಕೆನಡಾದ ಫ್ರೆಡರಿಕ್ಟನ್ ಊರಿನ ಸ್ಟೀಫನ್ ಕೋಲ್‌ಮನ್ ಎಂಬಾತ 1919ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಇದನ್ನು ಹೇಳಿದರೆ ಹುಡುಗನಿಗೆ ಆಸಕ್ತಿಯಿಲ್ಲ. ಅವನಿಗೆ ಬೇಕಾದ್ದು 22 ಅಥವಾ 24.

"ಕಂಪನಿ ಬಾರ್ ಎಷ್ಟು?"

"20 ಅಂತಿಟ್ಕೊಳ್ಳಿ."

ಹಾಗೇ ಇಟ್ಟುಕೊಂಡೆವು. 20ರಿಂದ 22ಕ್ಕೆ ಹೋದರೆ ದಪ್ಪ ಹೆಚ್ಚಿದ್ದು ನೂರಕ್ಕೆ ಹತ್ತು, ಬಿಗಿತ ಹೆಚ್ಚಿದ್ದು ನೂರಕ್ಕೆ 46. 24ಕ್ಕೆ ಹೋದರೆ ಬಿಗಿತ ಎರಡು ಪಟ್ಟನ್ನೂ ದಾಟಿತು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಪೈಪಿನ ನೀರು ಹರಿಯುತ್ತಲೇ ಇತ್ತು, ಒಳಗಿನಿಂದ ಅವರಮ್ಮ ಕೂಗಿದಾಗಲೇ ಅವನಿಗೆ ನಲ್ಲಿಯ ನೆನಪಾದದ್ದು.

"ಆದ್ರೆ ಆಂಟಿ, ಇದು ಹೈ ಸ್ಟ್ರೆಂತ್ ಸ್ಟೀಲ್ ಅಂತೆ. ಅದಕ್ಕೇ ಇಷ್ಟು ರೇಟು."

ಇಲ್ಲೇ ನೋಡಿ ಅಂಗಡಿಯವರು ನಮ್ಮನ್ನು ಗೆಲ್ಲುವುದು. ಯಾವ ಉಕ್ಕಾದರೂ ತಿರುಚುವಿಕೆಗೆ ಒಡ್ಡುವ ಬಿಗಿತ ಹೆಚ್ಚುಕಡಿಮೆ ಒಂದೇ. ನಮ್ಮ ಲ್ಯಾಬಿನ ಅಗ್ಗದ ತಂತಿಗೂ ಜರ್ಮನಿಯ ಸರಳಿಗೂ ಚದರ ಮೀಟರಿಗೆ ಸುಮಾರು 80 ಬಿಲಿಯನ್ ನ್ಯೂಟನ್ನೇ. ಒಳ್ಳೆಯ ಉಕ್ಕು, ಒಳ್ಳೆಯ ಹದ ಕೊಟ್ಟದ್ದು, ಹೆಚ್ಚು ತಿರುಚಿದರೂ ಮತ್ತೆ ಮೊದಲಿನಂತಾಗುತ್ತದೆ, ಬೇಗ ಬಿರುಕು ಬಿಡುವುದಿಲ್ಲ. ಅದು ಬಾಳಿಕೆಯ ಮಾತು. ಬಿಗಿತ ಕೊಡುವುದು ದಪ್ಪ, ತೋಳಿನ ಉದ್ದ ಮತ್ತು ಸರಳಿನ ಉದ್ದ. ಕೆಂಪು, ನೀಲಿ, ಬಂಗಾರದ ಪೌಡರ್ ಕೋಟಿಂಗ್ ತುಕ್ಕು ಹಿಡಿಯದಂತೆ ಕಾಯುತ್ತದೆ, ಜೊತೆಗೆ ಕಾರಿನ ಕೆಳಗೆ ಫೋಟೋ ತೆಗೆಯಲು ಚೆನ್ನಾಗಿರುತ್ತದೆ.

ಪೊಳ್ಳು ಬಾರಿನದು ಇನ್ನೂ ಸ್ವಾರಸ್ಯದ ಲೆಕ್ಕ. "ಒಳಗೆ ಖಾಲಿ ಇದ್ರೆ ಏನು ಬಂತು ಆಂಟಿ, ದುಡ್ಡು ದಂಡ" ಅಂದ. ತಿರುಚುವಾಗ ಕೆಲಸ ಮಾಡುವುದೆಲ್ಲ ಸರಳಿನ ಹೊರಮೈ, ನಡುವಿನ ಉಕ್ಕು ಸುಮ್ಮನೆ ಸವಾರಿ ಮಾಡುತ್ತಿರುತ್ತದೆ. 25 ಮಿಲಿಮೀಟರ್ ವ್ಯಾಸದ, 3 ಮಿಲಿಮೀಟರ್ ದಪ್ಪ ಗೋಡೆಯ ಕೊಳವೆಯನ್ನು ತೆಗೆದುಕೊಂಡರೆ ಅದು 20ರ ಗಟ್ಟಿ ಸರಳಿಗಿಂತ ಮೂರನೇ ಒಂದು ಪಾಲು ಹಗುರ, ಬಿಗಿತದಲ್ಲಿ ಮಾತ್ರ ಒಂದೂವರೆ ಪಟ್ಟಿಗೂ ಹೆಚ್ಚು. ಹಾಗಾಗಿ ಬರೀ ಹೊರ ವ್ಯಾಸ ಓದಿಕೊಂಡು ಎರಡು ಕಂಪನಿಯ ಬಾರ್‌ಗಳನ್ನು ಹೋಲಿಸುವವನು ಒಂದು ಗಟ್ಟಿ, ಒಂದು ಪೊಳ್ಳು ಇದ್ದರೆ ಮೋಸ ಹೋದಂತೆಯೇ. ತೋಳಿನ ತುದಿಯಲ್ಲಿ ಎರಡೋ ಮೂರೋ ತೂತು ಇರುವ ಬಾರ್ ಆದರೆ ಇನ್ನೊಂದು ಲೆಕ್ಕ. ತೋಳು ಗಿಡ್ಡವಾದಷ್ಟೂ ಬಿಗಿ ಹೆಚ್ಚು, ಅದೂ ವರ್ಗದಲ್ಲಿ. 200 ಮಿಲಿಮೀಟರಿನ ತೋಳನ್ನು 180ಕ್ಕೆ ತಂದರೆ ಬಿಗಿತ ನೂರಕ್ಕೆ 23ರಷ್ಟು ಏರುತ್ತದೆ. ಇಷ್ಟೆಲ್ಲ ಹೇಳಿದ ಮೇಲೆ ಅವನಿಗೆ ತಣ್ಣೀರೂ ಎರಚಬೇಕಾಯಿತು. ಬಾರ್ ಎರಡು ಪಟ್ಟು ಬಿಗಿಯಾದರೆ ಕಾರು ಅರ್ಧಕ್ಕರ್ಧ ಕಡಿಮೆ ವಾಲುತ್ತದೆ ಎಂದಲ್ಲ. ವಾಲುವುದನ್ನು ತಡೆಯುವ ಕೆಲಸದಲ್ಲಿ ದೊಡ್ಡ ಪಾಲು ಸ್ಪ್ರಿಂಗುಗಳದು, ಬುಷ್ಷುಗಳೂ ತುಸು ಒತ್ತಿಕೊಳ್ಳುತ್ತವೆ.

"ಅಲ್ಲ, ನಿನ್ನ ಕಾರಿಗೆ ಈಗ ಏನಾಗಿದೆ ಅಂತ ಇದೆಲ್ಲ?" ಅಂತ ಕೇಳಿದೆ.

ಅವನು ಪೈಪು ಕೆಳಗಿಟ್ಟು ಎರಡೂ ಕೈಯಲ್ಲಿ ಅಭಿನಯಿಸಿ ತೋರಿಸಿದ. ಚಾರ್ಮಾಡಿ ಘಾಟಿಯಲ್ಲಿ ಹೇರ್‌ಪಿನ್ ತಿರುವಿಗೆ ಸ್ವಲ್ಪ ಜೋರಾಗಿ ನುಗ್ಗಿದರೆ ಮೂತಿ ಹೊರಗೇ ಹೋಗುತ್ತದೆ, ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಮಾತು ಕೇಳುವುದಿಲ್ಲ. ಆಕ್ಸಿಲರೇಟರ್ ಒತ್ತಿದರೆ ಒಳಗಡೆಯ ಮುಂದಿನ ಚಕ್ರ ಸುಮ್ಮನೆ ತಿರುಗುತ್ತದೆ. ಇದು ಅವನೊಬ್ಬನ ಕಾರಿನ ಜಾತಕವಲ್ಲ. ಎಂಜಿನ್ ಮುಂದೆ, ಎಳೆಯುವ ಚಕ್ರ ಮುಂದೆ, ತಿರುಗಿಸುವ ಚಕ್ರವೂ ಮುಂದೆ ಇರುವ ಕಾರುಗಳೆಲ್ಲದರ ಹಣೆಬರಹ ಇದೇ. ಕಂಪನಿಯವರೂ ಬೇಕೆಂದೇ ಹೀಗೆ ಮಾಡಿರುತ್ತಾರೆ. ಸಾಮಾನ್ಯ ಚಾಲಕ ಗಾಬರಿಯಾದಾಗ ಮೂತಿ ಹೊರಗೆ ಹೋಗುವುದು ಹಿಂಭಾಗ ಸುತ್ತಿ ಬರುವುದಕ್ಕಿಂತ ಎಷ್ಟೋ ವಾಸಿ.

ಈಗ ನೋಡಿ, ಬಾರ್ ವ್ಯಾಪಾರದಲ್ಲಿ ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ಅದು ಹಿಡಿತ ಕೊಡುವ ವಸ್ತುವಲ್ಲ. ತಿರುವಿನಲ್ಲಿ ಒಳ ಚಕ್ರಗಳಿಂದ ಹೊರ ಚಕ್ರಗಳಿಗೆ ಎಷ್ಟು ಭಾರ ದಾಟಬೇಕು ಎಂಬುದನ್ನು ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ ಮತ್ತು ನಿಮ್ಮ ವೇಗ ತೀರ್ಮಾನಿಸುತ್ತವೆ. 1,450 ಕೆ.ಜಿ. ಕಾರು, ನೆಲದಿಂದ 55 ಸೆಂಟಿಮೀಟರ್ ಎತ್ತರದ ಗುರುತ್ವ ಕೇಂದ್ರ, 154 ಸೆಂಟಿಮೀಟರ್ ಅಗಲ ಎಂದು ಹಿಡಿದು, ಗುರುತ್ವದ ಹತ್ತರಲ್ಲಿ ಏಳು ಪಾಲಿನಷ್ಟು ಜೋರಾಗಿ ತಿರುಗಿಸಿದರೆ, ಸುಮಾರು 360 ಕೆ.ಜಿ. ಭಾರ ಆ ಕಡೆಗೆ ದಾಟುತ್ತದೆ. ನೀವು ಬಂಗಾರದ ಬಾರ್ ಹಾಕಿಸಿದರೂ ಅಷ್ಟೇ ದಾಟುತ್ತದೆ. ಬಾರ್ ತೀರ್ಮಾನಿಸುವುದು, ಆ 360ರಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬುದನ್ನು ಮಾತ್ರ.

ಟೈರಿನ ಸ್ವಭಾವವೂ ವಿಚಿತ್ರ. ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಆಗುತ್ತದೆ. ಹಾಗಾಗಿ ಎರಡು ಟೈರುಗಳು ಸಮನಾಗಿ ಹೊತ್ತರೆ ಸಿಗುವ ಹಿಡಿತ ಹೆಚ್ಚು, ಒಂದೇ ಹೊತ್ತು ಇನ್ನೊಂದು ಹಗುರವಾದರೆ ಒಟ್ಟು ಹಿಡಿತ ಕಡಿಮೆ. ಹಿಂದಿನ ಬಾರನ್ನು ಬಿಗಿ ಮಾಡಿದಾಗ ದಾಟುವ ಭಾರದಲ್ಲಿ ದೊಡ್ಡ ಪಾಲನ್ನು ಹಿಂದಿನ ಹೊರ ಟೈರು ಹೊರುತ್ತದೆ, ಮುಂದಿನ ಜೋಡಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಮುಂದಿನ ಒಳ ಚಕ್ರ ನೆಲ ಬಿಡದೆ ಎಳೆಯುತ್ತದೆ, ಮೂತಿ ಒಳಕ್ಕೆ ಬರುತ್ತದೆ. ಅಂದರೆ ಮುಂದೆ ಬಂದ ಹಿಡಿತಕ್ಕೆ ಹಿಂದಿನ ಚಕ್ರಗಳು ತಮ್ಮ ಹಿಡಿತದಲ್ಲಿ ಸ್ವಲ್ಪ ತೆತ್ತಿವೆ. ರೇಸ್ ಟ್ರ್ಯಾಕಿನ ಫೋಟೋಗಳಲ್ಲಿ ಹಳೆಯ ಗಾಲ್ಫ್ ಜಿಟಿಐ ಹಿಂದಿನ ಒಳ ಚಕ್ರವನ್ನು ಗಾಳಿಗೆತ್ತಿಕೊಂಡು ಮೂರು ಕಾಲಲ್ಲಿ ಓಡುವುದನ್ನು ನೋಡಿರಬಹುದು. ಅದರ ಗುಟ್ಟು ಇದೇ.

"ಅಂದ್ರೆ 24 ಒಳ್ಳೇದು ಅಂತಾಯ್ತಲ್ಲ?" ಅಂದ ಹುಡುಗ, ಕಣ್ಣರಳಿಸಿ.

"ಆಷಾಢದಲ್ಲಿ ಚಾರ್ಮಾಡಿ ಇಳಿದಿದ್ದೀಯ?"

ಪಶ್ಚಿಮ ಘಟ್ಟದ ಮಳೆಯಲ್ಲಿ, ಮಂಜಿನಲ್ಲಿ, ಇಳಿಜಾರಿನ ತಿರುವಿಗೆ ಹೊಕ್ಕವನಿಗೆ ಎದುರಿಗೆ ಕೆಎಸ್ಆರ್‌ಟಿಸಿ ಬಸ್ಸು ಕಂಡರೆ ಏನು ಮಾಡುತ್ತಾನೆ? ಕಾಲು ತೆಗೆಯುತ್ತಾನೆ. ಕಾಲು ತೆಗೆದ ಕೂಡಲೇ ಭಾರ ಮುಂದಕ್ಕೆ ಬರುತ್ತದೆ, ಮೊದಲೇ ಬಡವಾಗಿದ್ದ ಹಿಂದಿನ ಟೈರುಗಳು ಇನ್ನೂ ಹಗುರವಾಗುತ್ತವೆ. ಹಿಂದೆ ತೀರಾ ಬಿಗಿ ಬಾರ್ ಇದ್ದರೆ ಹಿಂಭಾಗ ಹೊರಕ್ಕೆ ಜಾರಲು ಅಷ್ಟೇ ಸಾಕು. ಈಗಿನ ಕಾರುಗಳಲ್ಲಿ ಇಎಸ್‌ಪಿ ಇದೆ, ತಾನೇ ಒಂದೊಂದು ಚಕ್ರಕ್ಕೆ ಬ್ರೇಕ್ ಹಾಕಿ ಸರಿಮಾಡುತ್ತದೆ. ಸರಿ, ಒಪ್ಪಿದೆ. ಆದರೆ ದುಡ್ಡು ಕೊಟ್ಟು ಕಾರನ್ನು ಚಂಚಲ ಮಾಡಿ, ಕಂಪ್ಯೂಟರು ಬಂದು ಸಮಾಧಾನ ಮಾಡಲಿ ಎಂದು ಕಾಯುವುದು ಯಾವ ಬುದ್ಧಿವಂತಿಕೆ? ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಒಣ ದಿನ ನೋಡಿ ಹೋಗುವವನ ಲೆಕ್ಕ ಬೇರೆ. ಅವನು 24 ಹಾಕಿಸಲಿ, ಬಿಗಿಯ ತೂತಿಗೇ ಹಾಕಿಸಲಿ.

ಇಷ್ಟರಲ್ಲಿ ಅವನ ಗೆಳೆಯನೊಬ್ಬ ಫೋಕ್ಸ್‌ವ್ಯಾಗನ್ ವರ್ಟಸ್‌ನಲ್ಲಿ ಬಂದಿಳಿದ. ಅವನಿಗೂ ಹಿಂದಿನ ಬಾರ್ ಬೇಕಂತೆ. ಕುತೂಹಲಕ್ಕೆ ಬಗ್ಗಿ ನೋಡಿ ಅಂದೆ. ವರ್ಟಸ್, ಹೋಂಡಾ ಸಿಟಿಯಂಥ ನಮ್ಮ ಹೆಚ್ಚಿನ ಸೆಡಾನ್‌ಗಳಿಗೆ ಹಿಂದೆ ಟಾರ್ಷನ್ ಬೀಮ್ ಇರುತ್ತದೆ. ಎರಡು ಚಕ್ರಗಳನ್ನು ಜೋಡಿಸುವ ಅಡ್ಡ ತೊಲೆಯೇ ತಿರುಚಿಕೊಂಡು ಬಾರಿನ ಕೆಲಸವನ್ನೂ ಮಾಡುತ್ತದೆ, ಲಿಂಕ್ ರಾಡಿಗೆ ಅಲ್ಲಿ ಜಾಗವೇ ಇಲ್ಲ. ಅದಕ್ಕೆ ಬೋಲ್ಟು ಹಾಕಿ ಬಿಗಿಸುವ ಸರಳುಗಳು ಬರುತ್ತವೆ, ಆದರೆ ಅದು ಬೇರೆಯದೇ ಸಾಮಾನು. ಆಕ್ಟೇವಿಯಾದಲ್ಲೂ ಆ ಪೀಳಿಗೆಯ 1.4 ಲೀಟರಿನ ಕಾರಿಗೆ ಬೀಮ್, ಆರ್‌ಎಸ್‌ಗೆ ಮಲ್ಟಿಲಿಂಕ್. ಪೆಟ್ಟಿಗೆಯ ಮೇಲೆ ಆಕ್ಟೇವಿಯಾ ಎಂದು ಬರೆದಿದೆ ಎಂದ ಮಾತ್ರಕ್ಕೆ ಎಲ್ಲ ಆಕ್ಟೇವಿಯಾಗಳಿಗೂ ಕೂರುವುದಿಲ್ಲ. ಗೆಳೆಯ ಮುಖ ಸಣ್ಣ ಮಾಡಿಕೊಂಡು ಕಾಫಿ ಕುಡಿದು ಹೋದ.

ಮುಂದಿನ ಬಾರನ್ನೂ ಬದಲಿಸುವ ಆಸೆ ನಮ್ಮ ಹುಡುಗನಿಗಿತ್ತು, ಸೆಟ್ಟಿಗೆ ರಿಯಾಯಿತಿ ಇದೆಯಂತೆ. ಮುಂದಿನದನ್ನು ಬಿಗಿ ಮಾಡಿದರೆ ಲೆಕ್ಕ ತಿರುಗುಮುರುಗು, ಮೂತಿ ಇನ್ನೂ ಹೊರಗೆ ಹೋಗುತ್ತದೆ. ವಾಲುವುದು ಕಡಿಮೆಯಾಗಿ ಟೈರು ನೆಲಕ್ಕೆ ನೆಟ್ಟಗೆ ಕೂರುವುದರಿಂದ ಸ್ವಲ್ಪ ಲಾಭವೂ ಇದೆ, ಸ್ಟೀರಿಂಗ್ ಚುರುಕಾದಂತೆ ಅನಿಸುತ್ತದೆ. ಆದರೆ ಈ ಕಾರಿನಲ್ಲಿ ಮುಂದಿನ ಬಾರ್ ತೆಗೆಯಬೇಕೆಂದರೆ ಸಬ್‌ಫ್ರೇಮನ್ನೇ ಕೆಳಗಿಳಿಸಬೇಕು. ಕೂಲಿ ಬಾರಿನ ಬೆಲೆಗೆ ಪೈಪೋಟಿ ಕೊಡುತ್ತದೆ, ಆಮೇಲೆ ವೀಲ್ ಅಲೈನ್‌ಮೆಂಟ್ ಬೇರೆ. ರಿಯಾಯಿತಿಯಲ್ಲಿ ಉಳಿದದ್ದು ಮೆಕ್ಯಾನಿಕ್ಕಿನ ಜೇಬಿಗೆ. ಮುಂದಿನದು ಇದ್ದ ಹಾಗೇ ಇರಲಿ ಅಂದೆ, ಇದಕ್ಕೆ ಅವನು ತಕರಾರಿಲ್ಲದೆ ಒಪ್ಪಿದ. ದುಡ್ಡಿನ ವಿಷಯವಾದ್ದರಿಂದ ಇರಬೇಕು.

ಹಂಪನ್ನು ಓರೆಯಾಗಿ ದಾಟುವ ವಿಚಾರಕ್ಕೆ ಬಂದಾಗ ಮಾತ್ರ ಅವನು ನಿಜಕ್ಕೂ ಯೋಚನೆಗೆ ಬಿದ್ದ. ನೇರವಾಗಿ ದಾಟಿದರೆ ಎರಡೂ ಚಕ್ರ ಒಟ್ಟಿಗೆ ಏರುತ್ತವೆ, ಬಾರ್ ತಣ್ಣಗೆ ಉರುಳುತ್ತದೆ, ಎಷ್ಟು ಬಿಗಿ ಇದ್ದರೂ ಗೊತ್ತಾಗುವುದಿಲ್ಲ. ಇವನು ಹೊಟ್ಟೆ ಉಜ್ಜುತ್ತದೆಂದು ಒಂದೊಂದೇ ಚಕ್ರ ಹತ್ತಿಸುತ್ತಾನೆ. ಬಾರ್ ಪೂರ್ತಿ ತಿರುಚುವುದು ಆಗಲೇ. ಎಡ ಚಕ್ರದ ಏಟು ಬಲಕ್ಕೂ ದಾಟುತ್ತದೆ, ಒಳಗೆ ಕೂತವರ ತಲೆ ಪಕ್ಕದ ಗಾಜಿನ ಕಡೆಗೆ ತೂಗುತ್ತದೆ. ಬಾರ್ ಬಿಗಿಯಾದಷ್ಟೂ ತೂಗಾಟ ಜಾಸ್ತಿ. ಪಾಲಿಕೆ ಅಗೆದು ಮುಚ್ಚಿದ ರಸ್ತೆಯಲ್ಲಿ ಒಂದೇ ಪಕ್ಕದ ಗುಂಡಿಗಳಿಗೂ ಇದೇ ಕಥೆ. ಗುಡ್ಡಗಾಡಿನಲ್ಲಿ ಓಡಿಸುವವರಿಗೆ ಈ ಕಾಟ ಗೊತ್ತು. ಜೀಪ್ ರ‍್ಯಾಂಗ್ಲರಿನ ರೂಬಿಕಾನ್ ಮಾದರಿಯಲ್ಲಿ ಒಂದು ಗುಂಡಿ ಒತ್ತಿದರೆ ಮುಂದಿನ ಸ್ವೇ ಬಾರ್ ಸಂಬಂಧ ಕಡಿದುಕೊಳ್ಳುತ್ತದೆ, ಬಂಡೆಗಳ ಮೇಲೆ ಚಕ್ರಗಳು ಬೇಕಾದಂತೆ ಏರಿಳಿಯುತ್ತವೆ. ಆಡಿ ಎಸ್‌ಕ್ಯೂ7ರಲ್ಲಿ ಬಾರನ್ನು ನಡುವೆ ಕತ್ತರಿಸಿ ವಿದ್ಯುತ್ ಮೋಟಾರ್ ಕೂರಿಸಿದ್ದಾರೆ, ತಿರುವಿನಲ್ಲಿ ಬಿಗಿ, ನೇರ ರಸ್ತೆಯಲ್ಲಿ ಸಡಿಲ. ಮೆಕ್‌ಲಾರೆನ್‌ನವರು 2011ರಲ್ಲಿ ತಂದ ಎಂಪಿ4-12ಸಿ ಕಾರಿನಲ್ಲಂತೂ ಬಾರೇ ಇಲ್ಲ. ಡ್ಯಾಂಪರುಗಳನ್ನು ಎಣ್ಣೆಯ ಕೊಳವೆಗಳಿಂದ ಒಂದಕ್ಕೊಂದು ಜೋಡಿಸಿ ಅದೇ ಕೆಲಸ ಮಾಡಿಸಿದರು. ಕೋಟಿಗಟ್ಟಲೆ ಬೆಲೆಯ ಕಾರಿನವರು ಬಾರ್ ತೆಗೆದುಹಾಕಲು ಒದ್ದಾಡುತ್ತಿರುವಾಗ ನಮ್ಮವನು ದಪ್ಪ ಮಾಡಿಸಲು ಹೊರಟಿದ್ದಾನೆ.

"ಹಂಗಾದ್ರೆ ಬೇಡ್ವಾ ಆಂಟಿ?"

"ಬೇಡ ಅಂದ್ನಾ ನಾನು? 22 ಹಾಕ್ಸು. ಮೆತ್ತಗಿರೋ ತೂತಿಗೆ ಹಾಕ್ಸು. ಎರಡು ತಿಂಗ್ಳು ಓಡ್ಸಿ ನೋಡು. ಸಾಲ್ದು ಅನ್ಸಿದ್ರೆ ಒಂದು ತೂತು ಒಳಗೆ ಬಾ."

ಬಾರ್ ಎಂದರೆ ಹುಡುಗರಿಗೆ ಕಣ್ಣು ಮಿಂಚುತ್ತದೆ, ಲಿಂಕ್ ರಾಡನ್ನು ಕೇಳುವವರಿಲ್ಲ. ಗೇಣುದ್ದದ ಕಡ್ಡಿ, ಎರಡು ತುದಿಗೆ ಎರಡು ಗೋಲಿ ಕೀಲು, ಅದರ ಮೇಲೆ ರಬ್ಬರಿನ ಟೋಪಿ. ಬಾರಿನ ಬಲವೆಲ್ಲ ಚಕ್ರಕ್ಕೆ ಹೋಗುವುದು ಈ ಕಡ್ಡಿಯ ಮೂಲಕವೇ. ನಮ್ಮ ರಸ್ತೆಗಳಲ್ಲಿ ಸಸ್ಪೆನ್ಷನ್ನಿನಲ್ಲಿ ಬೇಗ ಸಾಯುವ ಭಾಗಗಳಲ್ಲಿ ಇದೂ ಒಂದು. ರಬ್ಬರ್ ಟೋಪಿ ಹರಿಯುತ್ತದೆ, ಗ್ರೀಸು ಹೊರಬರುತ್ತದೆ, ದೂಳು ಒಳಹೋಗುತ್ತದೆ, ಗೋಲಿ ಸಡಿಲವಾಗಿ ಟಕ್ ಟಕ್ ಶುರು. ಹುಡುಗನ ಕಾರಿನಲ್ಲಿ ಆ ಸದ್ದು ಬಹಳ ದಿನದಿಂದ ಇತ್ತು. ಅವನು ಗೇಟಿನೊಳಗೆ ಬರುವಾಗ ನನ್ನ ಅಡುಗೆಮನೆಗೆ ಕೇಳಿಸುತ್ತಿತ್ತು. ಒಂದು ಗ್ಯಾರೇಜಿನವರು ಸ್ಟೀರಿಂಗ್ ರ‍್ಯಾಕೇ ಹೋಗಿದೆ ಎಂದು ದೊಡ್ಡ ಎಸ್ಟಿಮೇಟ್ ಕೊಟ್ಟಿದ್ದರಂತೆ.

ಪರೀಕ್ಷೆ ಸುಲಭ. ಒಂದೇ ಪಕ್ಕದ ಸಣ್ಣ ಸಣ್ಣ ಗುಂಡಿಗಳ ಮೇಲೆ ನಿಧಾನವಾಗಿ ಹೋದಾಗ ಸದ್ದು ಬಂದು, ಎರಡೂ ಚಕ್ರ ಒಟ್ಟಿಗೆ ಏರುವ ಉಬ್ಬಿನಲ್ಲಿ ಸುಮ್ಮನಿದ್ದರೆ ಮೊದಲ ಅನುಮಾನ ಲಿಂಕ್ ರಾಡಿನ ಮೇಲೆ. ಖಾತ್ರಿ ಬೇಕಿದ್ದರೆ ಎರಡೂ ಲಿಂಕ್ ರಾಡು ಬಿಚ್ಚಿಟ್ಟು, ಅದೇ ಬೀದಿಯಲ್ಲಿ ಮೆಲ್ಲಗೆ ಒಂದು ಸುತ್ತು ಬರಬೇಕು. ಸದ್ದು ನಿಂತರೆ ಕಳ್ಳ ಸಿಕ್ಕಿದ. ಕಾರು ದೋಣಿಯಂತೆ ವಾಲುತ್ತದೆ, ಆದ್ದರಿಂದ ರಿಂಗ್ ರೋಡಿಗೆ ಹೋಗಬಾರದು. ಇವನು ಪರಿಚಯದ ಇನ್ನೊಬ್ಬ ಮೆಕ್ಯಾನಿಕ್ಕಿನ ಹತ್ತಿರ ಇದನ್ನು ಮಾಡಿಸಿದ. ಸದ್ದು ಮಾಯ. ರ‍್ಯಾಕಿನ ದುಡ್ಡು ಉಳಿಯಿತು, ಅವರಮ್ಮ ನನಗೆ ಒಂದು ಡಬ್ಬಿ ಕೋಡುಬಳೆ ಕಳಿಸಿದರು.

ಆಮೇಲೆ ಯಾವ ಲಿಂಕ್ ರಾಡು ಎಂಬ ಪ್ರಶ್ನೆ. ಕಾರು ಕಂಪನಿಯ ಎತ್ತರದಲ್ಲೇ ಇದ್ದು, ಬಾರೂ ಹಳೆಯದೇ ಇದ್ದರೆ ಜೆ.ಸಿ. ರಸ್ತೆಯಲ್ಲಿ ಸಿಗುವ ಒಳ್ಳೆಯ ಹೆಸರಿನ ಮಾಮೂಲಿ ಲಿಂಕೇ ಸಾಕು. ಡಬ್ಬಿ ನೋಡಿ ಮರುಳಾಗದೆ ಕೀಲನ್ನು ಕೈಯಲ್ಲಿ ಆಡಿಸಿ ನೋಡಬೇಕು. ಹೊಸ ಕೀಲು ಬಿಗಿಯಾಗಿ, ಒಂದೇ ಸಮನೆ ತಿರುಗಬೇಕು. ಇವನ ಸಮಸ್ಯೆ ಗಿಡ್ಡ ಸ್ಪ್ರಿಂಗಿನದು. ಕಾರು ಕೆಳಗಿಳಿದಾಗ ಬಾರಿನ ತೋಳಿನ ಕೋನ ಬದಲಾಗುತ್ತದೆ, ಹಳೆಯ ಉದ್ದದ ಲಿಂಕು ಓರೆಯಾಗಿ ಕೂರುತ್ತದೆ. ಇಂಥಲ್ಲಿ ಉದ್ದ ಹೊಂದಿಸಬಹುದಾದ ಲಿಂಕಿಗೆ ಅರ್ಥವಿದೆ. ಹೊಂದಿಸುವ ಕ್ರಮವೂ ಇದೆ. ಕಾರು ಜಾಕಿನ ಮೇಲೆ ನೇತಾಡುತ್ತಿರಬಾರದು, ಸಮತಟ್ಟಾದ ನೆಲದಲ್ಲಿ ತನ್ನ ಚಕ್ರಗಳ ಮೇಲೆ ನಿಂತಿರಬೇಕು, ಚಾಲಕನ ಸೀಟಿನಲ್ಲಿ ಚಾಲಕನಷ್ಟು ಭಾರ ಇರಬೇಕು. ಒಂದು ಕಡೆ ಬಿಗಿಸಿ, ಇನ್ನೊಂದು ಕಡೆಯ ಲಿಂಕನ್ನು ಬೋಲ್ಟು ಬೆರಳಲ್ಲೇ ಒಳಹೋಗುವಷ್ಟು ಉದ್ದ ಮಾಡಬೇಕು. ಸುತ್ತಿಗೆಯಿಂದ ಬಡಿದು ಸೇರಿಸಿದರೆ ಬಾರ್ ನಿಂತಲ್ಲೇ ತಿರುಚಿಕೊಂಡಿರುತ್ತದೆ. ಆಮೇಲೆ ಕಾರು ಎಡಕ್ಕೊಂದು ರೀತಿ, ಬಲಕ್ಕೊಂದು ರೀತಿ ತಿರುಗುತ್ತದೆ. ಸೀಟಿನಲ್ಲಿ ಭಾರಕ್ಕೆ ಏನಿಡುವುದು ಎಂದು ಕೇಳಿದ. ನಿಮ್ಮಪ್ಪನನ್ನು ಕೂರಿಸು, ಪೇಪರ್ ಓದಲು ಜಾಗ ಹುಡುಕುತ್ತಲೇ ಇರುತ್ತಾರೆ ಅಂದೆ.

ಅವನು ಫೋನಿನಲ್ಲಿ ತೋರಿಸಿದ ಮೊದಲ ಆಯ್ಕೆ ರೇಸ್ ಕಾರಿನ ರಾಡ್ ಎಂಡು, ಉಕ್ಕಿನ ಮೇಲೆ ಉಕ್ಕು ಉಜ್ಜುವ ಬರಿಮೈ ಕೀಲು, ನೋಡಲು ಆಭರಣ. ಟ್ರ್ಯಾಕಿನಲ್ಲಿ ಅದಕ್ಕೆ ಸಾಟಿಯಿಲ್ಲ, ಎಳ್ಳಷ್ಟೂ ಜಗ್ಗುವುದಿಲ್ಲ. ಕನಕಪುರ ರಸ್ತೆಯ ದೂಳಿನಲ್ಲಿ, ಮಳೆನೀರಿನಲ್ಲಿ ಅದು ಒಂದು ಮಳೆಗಾಲ ಬಾಳಿದರೆ ಹೆಚ್ಚು. ಮತ್ತೆ ಅದೇ ಟಕ್ ಟಕ್, ಈ ಸಲ ಡಾಲರ್ ಬೆಲೆಯಲ್ಲಿ. ರಬ್ಬರ್ ಟೋಪಿಯೊಳಗೆ ಮುಚ್ಚಿದ, ಗ್ರೀಸು ತುಂಬಲು ನಿಪ್ಪಲ್ ಇರುವ ಗೋಲಿ ಕೀಲೇ ನಮ್ಮ ಊರಿಗೆ ಸರಿ. ಬಾರಿನ ಬುಷ್ಷಿಗೂ ಇದೇ ಮಾತು. ಪಾಲಿಯುರೆಥೇನ್ ಬುಷ್ ಗಟ್ಟಿ, ಆದರೆ ಸರಿಯಾಗಿ ಸಿಲಿಕೋನ್ ಗ್ರೀಸು ಹಚ್ಚದಿದ್ದರೆ ಹಳೆಯ ಉಯ್ಯಾಲೆ ಹಲಗೆಗಿಂತ ಜೋರಾಗಿ ಕಿರುಗುಟ್ಟುತ್ತದೆ. ಬುಷ್ಷಿನ ಒಳ ವ್ಯಾಸ ಹೊಸ ಬಾರಿನ ದಪ್ಪಕ್ಕೆ ಹೊಂದಬೇಕು, ಹಳೆಯದನ್ನೇ ಒತ್ತಿ ಕೂರಿಸುವ ಚಮತ್ಕಾರ ಬೇಡ.

ಬಿಗಿ ಬಾರ್ ಹಾಕಿದರೆ ಮುಂದಿನ ದುರ್ಬಲ ಭಾಗ ಯಾವುದು ಎಂದು ಅದೇ ಹುಡುಕಿಕೊಂಡು ಹೋಗುತ್ತದೆ. ನನ್ನ ಅಕ್ಕನ ಮಗ ಡೆಟ್ರಾಯಿಟ್ ಕಡೆ ಇದ್ದಾನೆ, ಹಳೆಯ ಸುಬಾರು ಡಬ್ಲ್ಯುಆರ್‌ಎಕ್ಸ್ ಇಟ್ಟುಕೊಂಡಿದ್ದಾನೆ. ನಾಲ್ಕೂ ಚಕ್ರ ಎಳೆದರೂ ಮೂತಿ ಹೊರಗೆ ಹೋಗುವ ಚಾಳಿ ಅದಕ್ಕೂ ಇದೆ, ಹಿಂದಿನ ಬಾರ್ ಬದಲಿಸುವುದು ಆ ಕಾರಿನವರಿಗೆ ಉಪನಯನದ ಹಾಗೆ ಮೊದಲ ಸಂಸ್ಕಾರ. ಹಳೆಯ ಪೀಳಿಗೆಯ ಆ ಕಾರುಗಳಲ್ಲಿ ದಪ್ಪ ಬಾರ್ ಹಾಕಿದ ಮೇಲೆ ಬಾರನ್ನು ಹಿಡಿದ ಬ್ರಾಕೆಟ್ಟೇ ಬಗ್ಗಿ ಮುರಿಯುವುದುಂಟು, ಅದಕ್ಕೆಂದೇ ಬಲಪಡಿಸಿದ ಬ್ರಾಕೆಟ್ಟುಗಳನ್ನು ಬೇರೆಯಾಗಿ ಮಾರುತ್ತಾರೆ. ಅಲ್ಲಿಯ ಇನ್ನೊಂದು ಕಷ್ಟ ನಮಗಿಲ್ಲ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಲಿಂಕಿನ ನಟ್ಟು ತುಕ್ಕು ಹಿಡಿದು ಸ್ಟಡ್ಡಿನ ಜೊತೆಗೇ ಗಿರಗಿರನೆ ತಿರುಗುತ್ತದೆ, ಕೊನೆಗೆ ಗ್ರೈಂಡರಿನಲ್ಲಿ ಕೊಯ್ಯಬೇಕು. ಇಲ್ಲಿ ಸ್ಟಡ್ಡಿನ ತಲೆಯನ್ನು ಅಲೆನ್ ಕೀಯಲ್ಲಿ ಹಿಡಿದು ಸ್ಪ್ಯಾನರಿನಲ್ಲಿ ನಟ್ಟು ಬಿಚ್ಚುವಷ್ಟು ತಾಳ್ಮೆ ಇದ್ದರೆ ಸಾಕು. ಬಿಚ್ಚಿದ ನೈಲಾಕ್ ನಟ್ಟನ್ನು ಮತ್ತೆ ಹಾಕಬಾರದು.

ಇಷ್ಟೆಲ್ಲ ಆದ ಮೇಲೆ ಸುಮ್ಮನೆ ಅವನ ಮುಂದಿನ ಟೈರಿನ ಪಕ್ಕದಲ್ಲಿ ಕೊರೆದ ನಾಲ್ಕಂಕಿ ಓದಿಸಿದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2317 ಎಂದಿತ್ತು. 2017ರ 23ನೇ ವಾರ. ಕಾರಿನ ಜೊತೆಗೇ ಬಂದ ಟೈರು, ಉಗುರಿನಿಂದ ಒತ್ತಿದರೆ ಎಬೊನೈಟಿನಂತೆ ಗಟ್ಟಿ. ಮೂತಿ ಹೊರಗೆ ಹೋಗದೆ ಏನು ಮಾಡುತ್ತದೆ? ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಟೈರಿಗೆ ಯಾರೂ ಬಣ್ಣದ ಕೋಟಿಂಗ್ ಕೊಡುವುದಿಲ್ಲ ನೋಡಿ.

ಈಗ ಎರಡು ಹೊಸ ಟೈರು ಬಂದಿವೆ, ಲಿಂಕ್ ರಾಡು ಕೂತಿವೆ, ಅಲೈನ್‌ಮೆಂಟೂ ಆಗಿದೆ. ಹೊಸ ಟೈರನ್ನು ಹಿಂದಕ್ಕೆ ಹಾಕಿಸಿ, ಹಿಂದಿದ್ದ ಸ್ವಲ್ಪ ಮೆದುವಾದದ್ದನ್ನು ಮುಂದಕ್ಕೆ ತರಿಸಿದ್ದೇನೆ. ಮೂತಿ ಜಾರಿದರೆ ಕಾಲು ತೆಗೆದರಾಯಿತು, ಹಿಂಭಾಗ ಜಾರಿದರೆ ದೇವರೇ ಗತಿ. ಇದಕ್ಕೆ ಅವನಿಗೆ ಇನ್ನೂ ಅಸಮಾಧಾನ. ಉಳಿದೆರಡನ್ನೂ ಬೋನಸ್ ಬಂದ ಮೇಲೆ ಬದಲಿಸುತ್ತಾನಂತೆ. 22ರ ಬಾರ್ ಮಳೆಗಾಲ ಮುಗಿದ ಮೇಲೆ. ಕಳಚಿದ ಕಂಪನಿ ಬಾರನ್ನು ಗುಜರಿಗೆ ಹಾಕಬೇಡ, ನಾಳೆ ಕಾರು ಕೊಳ್ಳುವವನು ಕೇಳುತ್ತಾನೆ ಅಂದಿದ್ದೇನೆ. ಎಲ್ಲಿಡುವುದು ಎಂಬುದು ಅವನಿಗೂ ಅವರಮ್ಮನಿಗೂ ಬಿಟ್ಟ ವ್ಯವಹಾರ, ಮಂಚದ ಕೆಳಗೆ ಈಗಾಗಲೇ ನಾಲ್ಕು ಹಳೆಯ ಸ್ಪ್ರಿಂಗುಗಳಿವೆ.